ಎಂಟನೇ ಚೌಕದ ಕಪ್ಪೆ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ನೀವು ಬರೆದ ನಕ್ಷೆಯನ್ನು ಯಾರೂ ಓದುವುದಿಲ್ಲ. ನೋಡುತ್ತಾರೆ, ತಲೆಯಾಡಿಸುತ್ತಾರೆ, ಬಣ್ಣ ಚೆನ್ನಾಗಿದೆ ಎನ್ನುತ್ತಾರೆ, ಸಹಿ ಹಾಕುತ್ತಾರೆ. ಓದುವುದಿಲ್ಲ. ಇದನ್ನು ನಾನು ಕಂಡುಕೊಂಡ ರೀತಿ ಮರ್ಯಾದಸ್ಥರು ಹೇಳಿಕೊಳ್ಳುವಂಥದ್ದಲ್ಲ. ಆದರೆ ನಿವೃತ್ತನಾಗಿ ಬಣಕಲ್ಲಿನಲ್ಲಿ ಅಣ್ಣನ ಅಂಗಡಿ ಜಗಲಿಯ ಮೇಲೆ ಕುಳಿತು ಹೋಗಿಬರುವ ಬಸ್ಸು ನೋಡುವವನಿಗೆ ಮರ್ಯಾದೆಯಿಂದ ಇನ್ನೇನಾಗಬೇಕು? ಹೇಳಿಬಿಡುತ್ತೇನೆ.

ನಾನಿದ್ದದ್ದು ಒಂದು ಕಾಫಿ ಕಂಪನಿಯಲ್ಲಿ. ಅತ್ತಿಗುಂಡಿ, ಮೂಡಿಗೆರೆ, ಸಂಸೆ ಕಡೆಗಳಲ್ಲಿ ಎಸ್ಟೇಟುಗಳು, ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸು, ಅದರ ಮಹಡಿಯ ಮೇಲೆ ಆಫೀಸು. ಕಂಪ್ಯೂಟರ್ ಕೋಣೆ ನೋಡಿಕೊಳ್ಳಲು ಸೇರಿದ ನನ್ನನ್ನು ಒಂದು ದಿನ ಕರೆದು, ‘ಮಲ್ಲೇಶಪ್ಪ, ಇನ್ನು ಮೇಲೆ ನೀವು ಎಂಟರ್‌ಪ್ರೈಸ್ ಆರ್ಕಿಟೆಕ್ಟು’ ಎಂದರು. ಏನು ಮಾಡಬೇಕು ಸಾರ್ ಎಂದು ಕೇಳಿದೆ. ಹೇಳಿದವರಿಗೂ ಗೊತ್ತಿರಲಿಲ್ಲ. ಒಂದು ದಪ್ಪ ಪುಸ್ತಕ ಕೈಗಿತ್ತು ಊಟಕ್ಕೆ ಹೋದರು.

ಪುಸ್ತಕ ಓದಿದ ಮೇಲೆ ತಿಳಿದದ್ದು: ಇಡೀ ಕಂಪನಿ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಗೋಡೆಗೆ ಹಿಡಿಸುವ ಚಿತ್ರದಲ್ಲಿ ತೋರಿಸಬೇಕು. ಯಾವ ಕೆಲಸ ಯಾವುದಕ್ಕೆ ಆಸರೆ, ಯಾವ ಮಾಹಿತಿ ಎಲ್ಲಿಂದ ಎಲ್ಲಿಗೆ, ಅದಕ್ಕೆ ಯಾವ ಕಂಪ್ಯೂಟರು, ಯಾವ ಯಂತ್ರ. ಇದನ್ನು ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ಅದಕ್ಕೊಂದು ಚೌಕಟ್ಟು ಇರುತ್ತದೆ, ಫ್ರೇಮ್‌ವರ್ಕ್ ಎನ್ನುತ್ತಾರೆ. ನಮ್ಮ ಮೊದಲ ಫ್ರೇಮ್‌ವರ್ಕು ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಏಕೆ ಎಂಬ ಆರು ಪ್ರಶ್ನೆಗಳದ್ದು. ಪ್ರತಿ ಪ್ರಶ್ನೆಗೂ ಮಾಲೀಕರ ಕಣ್ಣಿನಿಂದ ಒಂದು ಉತ್ತರ, ಮ್ಯಾನೇಜರರ ಕಣ್ಣಿನಿಂದ ಒಂದು, ಕೆಲಸ ಮಾಡುವವರ ಕಣ್ಣಿನಿಂದ ಒಂದು. ಒಂದು ಚೌಕವೂ ಖಾಲಿ ಬಿಡಬಾರದು.

ನಾನು ಆಫೀಸಿನಲ್ಲೇ ಕುಳಿತು ಎಲ್ಲ ಚೌಕ ತುಂಬಿದೆ. ಗೊತ್ತಿಲ್ಲದ ಕಡೆ ಊಹಿಸಿ ತುಂಬಿದೆ. ಅದನ್ನು ಅತ್ತಿಗುಂಡಿ ಎಸ್ಟೇಟಿಗೆ ಒಯ್ದು ಅಲ್ಲಿನ ರೈಟರ್ ಶಿವಣ್ಣನ ಮುಂದೆ ಹರಡಿದೆ. ಎಸ್ಟೇಟಿನ ಹಾಜರಿ, ತೂಕ, ಕಾಗದಪತ್ರ ಎಲ್ಲ ಅವನದೇ. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

‘ಚಂದ ಇದೆ ಸಾರ್. ಆದ್ರೆ ಇಲ್ಲಿ ಕುಯ್ದ ಹಣ್ಣು ಸೀದಾ ಪಲ್ಪರ್ ಹೌಸಿಗೆ ಬಂದುಬಿಡ್ತದಲ್ಲ, ಹೊತ್ಕೊಂಡು ಬರೋರು ಯಾರು? ನಿಮ್ಮ ಕಾಫಿ ತಾನೇ ನಡ್ಕೊಂಡು ಬರ್ತದಾ?’

ಅದು ನನ್ನ ಮೊದಲ ಎಡವಟ್ಟು. ಎರಡು ಚೌಕಗಳ ನಡುವೆ ಗೆರೆ ಎಳೆಯುವುದು ಸುಲಭ. ಆ ಗೆರೆಯ ಮೇಲೆ ಯಾರು ಮೂಟೆ ಹೊತ್ತು ನಡೆಯುತ್ತಾರೆ ಎಂದು ಕೇಳಬೇಕೆಂದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಇದ್ದರೂ ನಾನು ಆ ಪುಟ ಹಾರಿಸಿದ್ದೆ.

ನನ್ನ ಮೇಲಿನವರು ಜನರಲ್ ಮ್ಯಾನೇಜರ್ ಲಕ್ಷ್ಮಣಗೌಡರು. ಒಳ್ಳೆಯ ಮನುಷ್ಯ, ಕಾಫಿಯ ವಿಷಯದಲ್ಲಿ ಅವರ ನಾಲಗೆಗೆ ಮೋಸ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ನಕ್ಷೆಯ ವಿಷಯದಲ್ಲಿ ಮಾತ್ರ ಅವರಿಗೆ ಎರಡೇ ಅಳತೆ. ಒಂದು, ಬಣ್ಣ. ‘ಹಸಿರು ಕಮ್ಮಿ ಆಯ್ತು ಮಲ್ಲೇಶಪ್ಪ’ ಎಂದರೆ ನಾನು ಹೋಗಿ ಎರಡು ಚೌಕಕ್ಕೆ ಹಸಿರು ಬಳಿದು ತರುತ್ತಿದ್ದೆ, ಒಪ್ಪಿಗೆ ಸಿಗುತ್ತಿತ್ತು. ಇನ್ನೊಂದು, ಸಾಲು. ಪ್ರತಿ ಸಾಲಿನಲ್ಲೂ ಚೌಕಗಳು ಸಮಸಂಖ್ಯೆಯಲ್ಲಿರಬೇಕು. ಏಳು ಚೌಕದ ಸಾಲು ಕಂಡರೆ ಅವರಿಗೆ ಹಲ್ಲು ಬಿದ್ದ ಬಾಯಿ ಕಂಡ ಹಾಗೆ ಆಗುತ್ತಿತ್ತು.

ನನ್ನ ಕಾಲದಲ್ಲಿ ಫ್ರೇಮ್‌ವರ್ಕು ಎರಡು ಸಲ ಬದಲಾಯಿತು. ಆರು ಪ್ರಶ್ನೆಗಳದ್ದು ಹೋಗಿ ಚಕ್ರದ ಹಾಗೆ ಹಂತಹಂತವಾಗಿ ಸುತ್ತುವಂಥದ್ದು ಬಂತು. ಅದರಲ್ಲಿ ‘ಈಗಿನ ಚಾರ್ಟು’ ಬರೆದು, ಆಮೇಲೆ ‘ಮುಂದಿನ ಚಾರ್ಟು’ ಬರೆದು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ತೋರಿಸಬೇಕು. ಆಮೇಲೆ ಅದೂ ಹಳೆಯದಾಗಿ, ನೋಡುವವರಿಗೊಂದು ನೋಟ ಎಂಬ ಮೂರನೆಯದು ಬಂತು. ಪ್ರತಿ ಸಲವೂ ನಾನು ಹಳೆಯ ಚಾರ್ಟಿಗೇ ಹೊಸ ಅಂಗಿ ತೊಡಿಸಿದೆ. ಬೇಡವಾದ ದೊಡ್ಡ ಹಾಳೆಗಳನ್ನು ಮನೆಗೆ ಒಯ್ಯುತ್ತಿದ್ದೆ. ಮೆಣಸು ಒಣಗಿಸಲು ಅಂಥ ಕಾಗದ ಇನ್ನೊಂದಿಲ್ಲ. ನನ್ನ ಹೆಂಡತಿ ಇವತ್ತಿಗೂ, ನಿಮ್ಮ ಇಡೀ ಸರ್ವೀಸಿನಲ್ಲಿ ಕಂಪನಿಗೆ ಏನು ಉಪಯೋಗ ಆಯ್ತೋ ಗೊತ್ತಿಲ್ಲ, ನಮ್ಮ ಮೆಣಸಿಗೆ ಆಯ್ತು ಎನ್ನುತ್ತಾಳೆ.

ಇನ್ನು ಕಪ್ಪೆಯ ವಿಷಯ.

ಸಂಸೆ ಎಸ್ಟೇಟಿನ ಕಾಫಿ ಕಣಕ್ಕೆ ಸರಿದಾಡುವ ಚಾವಣಿ ಹಾಕಿಸಬೇಕೆಂದು ಕಂಪನಿ ತೀರ್ಮಾನಿಸಿತು. ಹಣ್ಣನ್ನು ಪಲ್ಪರ್‌ಗೆ ಹಾಕಿ, ಸಿಪ್ಪೆ ತೆಗೆದು ತೊಳೆದ ಮೇಲೆ ಬರುವ ಪಾರ್ಚ್‌ಮೆಂಟನ್ನು ಕಣದಲ್ಲಿ ಹರವಿ ದಿನಗಟ್ಟಲೆ ಒಣಗಿಸಬೇಕು. ಅದರ ಮೇಲೆ ಒಂದು ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ವಾಸನೆ ಕೂರುತ್ತದೆ, ಇಡೀ ಕಣದ ಕಾಫಿ ಹಾಳು. ಈಚೆಗೆ ಕೊಯ್ಲಿನ ದಿನಗಳಲ್ಲೇ ಮಳೆ ಬರುತ್ತದೆ, ಹೇಳಿ ಕೇಳಿ ಬರುವುದಿಲ್ಲ. ಆದ್ದರಿಂದ ಬಿಸಿಲಿದ್ದಾಗ ತೆರೆದಿರುವ, ಹನಿ ಬಿದ್ದರೆ ತಾನೇ ಮುಚ್ಚುವ ಚಾವಣಿ. ಅದನ್ನು ಸೇರಿಸಿ ಎಸ್ಟೇಟಿನ ಮುಂದಿನ ಚಾರ್ಟು ಬರೆಯಲು ನನಗೆ ಹೇಳಿದರು.

ಈಗಿನ ಚಾರ್ಟಿನಲ್ಲಿ ಕಣದ ಸಾಲಿಗೆ ಎಂಟು ಚೌಕ. ಹರವುವುದು, ಕೆದಕುವುದು, ರಾಶಿ ಮಾಡುವುದು ಹೀಗೆ. ಎಂಟನೆಯದು ‘ಕಣದ ಕಾವಲು’. ಅದು ಗಿರಿಜಕ್ಕನ ಕೆಲಸ. ಸೊಂಟಕ್ಕೆ ಟವೆಲು ಸುತ್ತಿ ಕಣದ ಮೂಲೆಯ ಕಲ್ಲಿನ ಮೇಲೆ ಕುಳಿತು, ಕಾಗೆ ದನ ಓಡಿಸುತ್ತ, ಮಳೆ ಬರುವ ಹಾಗಿದ್ದರೆ ಕೂಗಿ ಎಲ್ಲರಿಂದ ಟಾರ್ಪಾಲು ಹೊದಿಸುವ ಹೆಂಗಸು. ಚಾವಣಿ ತಾನೇ ಮುಚ್ಚುವಾಗ ಕೂಗುವವರು ಏಕೆ? ಅಲ್ಲದೆ ಕುಳಿತು ನೋಡುವುದು ಒಂದು ಕೆಲಸವೇ? ನಮ್ಮ ಫ್ರೇಮ್‌ವರ್ಕಿನ ಪ್ರಕಾರ ಅಲ್ಲ. ಕಣದ ಕಾವಲನ್ನು ಅಳಿಸಿದೆ. ಸಾಲಿನಲ್ಲಿ ಏಳು ಚೌಕ ಉಳಿಯಿತು.

ಏಳು! ಗೌಡರು ಒಪ್ಪುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ ಸಹಿ ಆಗಬೇಕು. ಎಂಟನೆಯದಕ್ಕೆ ಏನು ಬರೆಯಲಿ ಎಂದು ತಲೆ ಕೆರೆದುಕೊಂಡು, ಕೊನೆಗೆ ಕಿಡಿಗೇಡಿ ಬುದ್ಧಿ ಕೆರಳಿ, ಅಳಿಸಿದ ಜಾಗದಲ್ಲೇ ‘ಕಪ್ಪೆ’ ಎಂದು ಬರೆದು ಹಸಿರು ಬಳಿದೆ. ಯಾರಾದರೂ ಕೇಳಿದರೆ ನಕ್ಕು ಅಳಿಸಿದರಾಯಿತು ಅಂದುಕೊಂಡೆ. ಗೌಡರು ನೋಡಿದರು. ಸಾಲು ಎಣಿಸಿದರು. ‘ಈ ಸಲ ಹಸಿರು ಸರಿಯಾಗಿದೆ’ ಎಂದು ಸಹಿ ಹಾಕಿದರು. ಮಾಲೀಕರೂ ಹಾಕಿದರು.

ನಾನು ಒಂದು ವಾರ ಒಳಗೊಳಗೇ ನಕ್ಕೆ. ಎರಡನೇ ವಾರ ಒಂದು ಸುತ್ತೋಲೆ ಬಂತು: ಮುಂದಿನ ಚಾರ್ಟಿನಲ್ಲಿ ಚೌಕವಿಲ್ಲದ ಹುದ್ದೆಗಳು ಈ ಕೊಯ್ಲು ಮುಗಿದ ಕೂಡಲೇ ರದ್ದು. ಸಂಸೆ ಎಸ್ಟೇಟಿನಲ್ಲಿ ಅಂಥದ್ದು ಒಂದೇ ಹುದ್ದೆ. ಅದರ ಜೊತೆಗೆ ಗಿರಿಜಕ್ಕನಿಗೆ ಕಂಪನಿ ಕೊಟ್ಟಿದ್ದ ಲೈನ್ ಮನೆಯೂ ಹೋಗುತ್ತದೆ. ಅದನ್ನು ಓದಿದಾಗ ನನ್ನ ನಗು ನಿಂತಿತು. ಆದರೆ ಬಾಯಿ ಬಿಡುವುದು ಹೇಗೆ? ಗಿರಿಜಕ್ಕನ ಚೌಕ ವಾಪಸ್ ಬರಬೇಕಾದರೆ ಕಪ್ಪೆ ಹೊರಗೆ ಬರಬೇಕು. ಮಾಲೀಕರು ಕಪ್ಪೆಗೆ ಸಹಿ ಹಾಕಿದ್ದಾರೆಂದು ಮಾಲೀಕರಿಗೇ ಹೇಳಬೇಕು. ನನಗೆ ಧೈರ್ಯ ಬರಲಿಲ್ಲ. ಹೇಡಿ ಎಂದರೆ ಹೌದು, ಹೇಡಿಯೇ.

ಅಷ್ಟರಲ್ಲಿ ಚಾವಣಿ ಮಾಡುವ ಕಂಪನಿಯಿಂದ ಸ್ಮಿತಾ ಎಂಬ ಇಂಜಿನಿಯರ್ ಫೋನ್ ಮಾಡಿದಳು.

‘ಸಾರ್, ನಿಮ್ಮ ಚಾರ್ಟನ್ನ ನಮ್ಮ ಮಾಡೆಲ್‌ಗೆ ಜೋಡಿಸ್ತಾ ಇದೀನಿ. ಎಲ್ಲಾ ಸರಿಯಾಗಿದೆ. ಒಂದೇ ಡೌಟು. ಕಪ್ಪೆ ಅಂದ್ರೆ ಏನು ಸಾರ್?’

ಶಿವಣ್ಣನನ್ನು ಬಿಟ್ಟರೆ ಇಷ್ಟು ವರ್ಷಗಳಲ್ಲಿ ನನ್ನ ನಕ್ಷೆಯನ್ನು ಓದಿದವಳು ಅವಳೊಬ್ಬಳೇ. ಅದೂ ಅವಳಲ್ಲ, ಅವಳ ಮಾಡೆಲ್ಲು.

ಇಲ್ಲಿ ಹೊಸಬರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅವಳು ಮಾಡುತ್ತಿದ್ದ ಕೆಲಸಕ್ಕೆ ಮಾಡೆಲ್ ಆಧಾರಿತ ಸಿಸ್ಟಮ್ಸ್ ಇಂಜಿನಿಯರಿಂಗ್ ಎನ್ನುತ್ತಾರೆ. ನನ್ನ ಚಾರ್ಟು ಇಡೀ ಕಂಪನಿಯದ್ದು, ಅವಳ ಮಾಡೆಲ್ಲು ಒಂದೇ ಚಾವಣಿಯದ್ದು. ಆದರೆ ನನ್ನಲ್ಲಿ ಗೆರೆ ಎಂದರೆ ‘ಇವೆರಡಕ್ಕೂ ಏನೋ ಸಂಬಂಧ ಇದೆ’ ಎಂದಷ್ಟೇ. ಅವಳಲ್ಲಿ ಹಾಗೆ ಜಾರಿಕೊಳ್ಳುವಂತಿಲ್ಲ. ಆ ಗೆರೆಯ ಮೇಲೆ ಏನು ಹೋಗುತ್ತದೆ, ಎಷ್ಟು ಹೊತ್ತಿಗೆ ಮುಟ್ಟಬೇಕು, ಮುಟ್ಟಿತೆಂದು ಪರೀಕ್ಷಿಸುವುದು ಹೇಗೆ, ಎಲ್ಲ ಬರೆಯಬೇಕು. ಪ್ರತಿ ಬೇಡಿಕೆಗೂ ಒಂದು ಭಾಗ, ಪ್ರತಿ ಭಾಗಕ್ಕೂ ಒಂದು ಪರೀಕ್ಷೆ. ನನ್ನ ಚಾರ್ಟಿನಲ್ಲಿ ‘ಕಾಫಿಯನ್ನು ಒದ್ದೆಯಾಗದಂತೆ ಒಣಗಿಸುವುದು’ ಎಂದಿದ್ದದ್ದು ಅವಳ ಮಾಡೆಲ್ಲಿನಲ್ಲಿ ಮೊದಲ ಬೇಡಿಕೆ. ಎರಡನ್ನೂ ಜೋಡಿಸಿದರೆ, ಇಲ್ಲಿ ಏನಾದರೂ ಬದಲಾದರೆ ಅಲ್ಲಿನ ಚೌಕ ತಪ್ಪೆಂದು ಪರದೆಯ ಮೇಲೆ ಕೆಂಪಾಗುತ್ತದೆ. ಅಲ್ಲಿ ತಪ್ಪಿದರೆ ಇಲ್ಲಿ ಕೆಂಪಾಗುತ್ತದೆ. ನಾನು ಬರೆದ ಕಪ್ಪೆಗೆ ಭಾಗವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಅದು ಕೆಂಪಾಗಿ ಕುಳಿತಿತ್ತು.

‘ಅದಾ... ಅದು ಮಳೆ ಬರೋದನ್ನ ಮುಂಚೆನೇ ತಿಳಿಸೋ ಏರ್ಪಾಡು’ ಎಂದೆ. ಕಪ್ಪೆಗೂ ಮಳೆಗೂ ಇರುವ ನಂಟು ಬಿಟ್ಟರೆ ಆ ಗಳಿಗೆಯಲ್ಲಿ ನನಗೆ ಬೇರೆ ಏನೂ ಹೊಳೆಯಲಿಲ್ಲ.

‘ಅಯ್ಯೋ ಸಾರ್, ನೀವು ಪುಣ್ಯಾತ್ಮರು!’ ಎಂದಳು. ನಾನು ಬೆಚ್ಚಿದೆ. ‘ನಮ್ಮ ಸೆನ್ಸರ್ ಹನಿ ಬಿದ್ದ ಮೇಲೆ ಹೇಳುತ್ತೆ. ಚಾವಣಿ ಪೂರ್ತಿ ಮುಚ್ಚೋಕೆ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷ ಕಾಫಿ ನೆನೆಯುತ್ತೆ ಅಂತ ನಮ್ಮ ಮಾಡೆಲ್ಲು ಬಡ್ಕೊಳ್ತಾ ಇದೆ. ಯಾರೂ ಕೇಳ್ತಾ ಇರ್ಲಿಲ್ಲ. ನಿಮ್ಮ ಕಪ್ಪೆ ಎಷ್ಟು ನಿಮಿಷ ಮುಂಚೆ ಹೇಳುತ್ತೆ?’

‘ನೋಡಿ ಹೇಳ್ತೇನೆ’ ಎಂದು ಫೋನಿಟ್ಟೆ. ಮಾರನೆಯ ದಿನವೇ ಸಂಸೆ ಬಸ್ಸು ಹತ್ತಿದೆ.

ಗಿರಿಜಕ್ಕ ಕಲ್ಲಿನ ಮೇಲೆ ಕುಳಿತಿದ್ದಳು. ಸುತ್ತೋಲೆಯ ಸುದ್ದಿ ಅವಳಿಗೆ ಮುಟ್ಟಿತ್ತು. ‘ಬನ್ನಿ ಸಾರ್, ಕೂತ್ಕೊಳಿ. ಕೆಲಸ ತೆಗೆದೋರು ನೀವೇ ಅಂತಲ್ಲ, ಕಾಫಿ ಕೊಡ್ಲಾ?’ ಎಂದಳು. ಕೋಪವಿಲ್ಲ, ಬರೀ ಉಪಚಾರ.

ಮೂರು ದಿನ ಅವಳ ಪಕ್ಕದಲ್ಲಿ ಕುಳಿತೆ. ಅವಳು ಆಕಾಶವನ್ನು ನೋಡುವುದೇ ಇಲ್ಲವೆಂದು ಮೊದಲ ದಿನವೇ ಗಮನಿಸಿದೆ. ನೋಡುವುದೆಲ್ಲ ಕೆಳಗಿನ ರಸ್ತೆ. ಎರಡನೇ ದಿನ ಮಧ್ಯಾಹ್ನ, ಸುಡು ಬಿಸಿಲಿನಲ್ಲಿ, ಇದ್ದಕ್ಕಿದ್ದಂತೆ ಎದ್ದು ‘ಟಾರ್ಪಾಲು ಹಾಕ್ರೇ!’ ಎಂದು ಕೂಗಿದಳು. ಅರ್ಧ ಗಂಟೆಯಲ್ಲಿ ಮಳೆ ಬಂತು.

‘ಹೆಂಗೆ ಗೊತ್ತಾಯ್ತು ಗಿರಿಜಕ್ಕ?’

‘ಎರಡೂವರೆ ಬಸ್ಸು ನೋಡ್ಲಿಲ್ವಾ? ಒದ್ದೆ ಇತ್ತಲ್ಲ ಮಾರಾಯ್ರೆ.’

ಕಣ ಇರುವುದು ರಸ್ತೆಯ ತಿರುವಿನ ಮೇಲಿನ ದಿಬ್ಬದಲ್ಲಿ. ಕುದುರೆಮುಖದ ಕಡೆಯಿಂದ ಬರುವ ಪ್ರತಿ ಗಾಡಿಯ ನೆತ್ತಿ ಅಲ್ಲಿಂದ ಕಾಣುತ್ತದೆ. ಘಟ್ಟದಲ್ಲಿ ಮಳೆ ಹಿಡಿದಿದ್ದರೆ ಬಸ್ಸಿನ ನೆತ್ತಿ ಒದ್ದೆಯಾಗಿರುತ್ತದೆ. ಆ ಮಳೆ ಬಸ್ಸಿನ ಹಿಂದೆಯೇ ನಿಧಾನವಾಗಿ ಬರುತ್ತದೆ. ಇಷ್ಟೇ. ಆಕಾಶ ನೋಡಿದರೆ ತಡವಾಯಿತು ಎಂದು ಅವಳ ಲೆಕ್ಕ.

‘ಬಸ್ಸಿಲ್ಲದ ಹೊತ್ತಲ್ಲಿ?’

‘ಜೀಪಿಲ್ವಾ? ಹಾಲಿನ ಗಾಡಿ ಇಲ್ವಾ? ಮೀನಿನ ಗಾಡಿ ಮಾತ್ರ ನಂಬ್ಬಾರ್ದು. ಅದು ಐಸ್ ಕರಗಿ ಯಾವಾಗ್ಲೂ ಸೋರ್ತಾ ಇರ್ತದೆ.’

ಇದನ್ನೆಲ್ಲ ಸ್ಮಿತಾಗೆ ಹೇಳಿದಾಗ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಒಂದೊಂದನ್ನೂ ಬರೆದುಕೊಂಡಳು. ಅವಳ ಮಾಡೆಲ್ಲಿನಲ್ಲಿ ಎರಡೂವರೆ ಬಸ್ಸು ಬಂತು, ಹಾಲಿನ ಗಾಡಿ ಬಂತು. ಮೀನಿನ ಗಾಡಿ ‘ನಂಬಿಕೆಗೆ ಅರ್ಹವಲ್ಲ’ ಎಂಬ ಷರಾದೊಂದಿಗೆ ಬಂತು. ಬಸ್ಸು ಕಂಡಾಗಿನಿಂದ ಮಳೆಯವರೆಗೆ ಇಪ್ಪತ್ತೈದರಿಂದ ಮೂವತ್ತು ನಿಮಿಷ, ಚಾವಣಿಗೆ ಬೇಕಾದ್ದು ಹನ್ನೆರಡು. ಕೆಂಪಿದ್ದದ್ದು ಹಸಿರಾಯಿತು. ಗೌಡರು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ಆದರೆ ಮಾಡೆಲ್ಲಿನಲ್ಲಿ ಹಸಿರಾದರೆ ಸಾಲದು, ಪರೀಕ್ಷೆಯಲ್ಲಿ ಗೆಲ್ಲಬೇಕು. ಚಾವಣಿಯನ್ನು ವಹಿಸಿಕೊಳ್ಳುವ ದಿನಗಳಲ್ಲಿ ಗೌಡರೇ ಸಂಸೆಗೆ ಬಂದು ಬೀಡುಬಿಟ್ಟರು. ಎರಡು ದಿನ ಬಸ್ಸು ಒಣಗಿಯೇ ಬಂತು. ಮೂರನೇ ದಿನ ಕಣದ ತುಂಬ ಪಾರ್ಚ್‌ಮೆಂಟು, ಮೇಲೆ ಕಣ್ಣು ಬಿಡಲಾಗದ ಬಿಸಿಲು. ಗೌಡರು ಕುರ್ಚಿ ಹಾಕಿಕೊಂಡು ಬಯಲಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಸ್ಮಿತಾ, ಹಿಂದೆ ನಾನು. ಎರಡೂವರೆ ಬಸ್ಸು ತಿರುವಿನಲ್ಲಿ ಕಂಡಿತು. ಗಿರಿಜಕ್ಕ ಸೀದಾ ಹೋಗಿ ಗುಂಡಿ ಒತ್ತಿದಳು. ಚಾವಣಿ ಗುರ್ರೆಂದು ಸರಿಯತೊಡಗಿತು.

‘ಯಾರದು ಮುಚ್ಚಿದ್ದು? ಇಂಥ ಬಿಸಿಲನ್ನ ಯಾರಾದ್ರೂ ಹಾಳ್ಮಾಡ್ತಾರಾ?’ ಗೌಡರು ಎದ್ದರು.

‘ಬಸ್ಸು ಒದ್ದೆ ಇದೆ ಸಾರ್.’

‘ಬಸ್ಸು ತೊಳ್ದಿರ್ತಾರೆ ಕಣಮ್ಮ!’

‘ತೊಳ್ದ ಬಸ್ಸಿನ ನೆತ್ತಿ ಒದ್ದೆ ಇರ್ತದಾ ಸಾರ್? ಅಷ್ಟೆತ್ತರ ಹತ್ತಿ ತೊಳೆಯೋ ಡ್ರೈವರ್‌ನ ನೀವು ಕಂಡಿದೀರಾ?’

ಗೌಡರು ಕಂಡಿರಲಿಲ್ಲ. ಚಾವಣಿ ಪೂರ್ತಿ ಮುಚ್ಚಿತು. ಬಿಸಿಲು ಹಾಗೇ ಇತ್ತು. ಹದಿನೈದು ನಿಮಿಷವಾಯಿತು. ಸ್ಮಿತಾ ಪೆನ್ನಿನ ಕ್ಯಾಪು ಕಚ್ಚುತ್ತಿದ್ದಳು. ಈ ಪರೀಕ್ಷೆಯಲ್ಲಿ ಸೋತರೆ ಗಿರಿಜಕ್ಕನ ಮನೆ ಹೋಗುತ್ತದೆಂದು ಅವಳಿಗೂ ಹೇಳಿದ್ದೆ. ಇಪ್ಪತ್ತು ನಿಮಿಷವಾಯಿತು. ‘ಸಾಕು, ತೆಗೀರಿ’ ಎಂದರು ಗೌಡರು. ಗಿರಿಜಕ್ಕ ಗುಂಡಿಯ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ‘ತೆಗೀವ ಸಾರ್. ಮೊದ್ಲು ಕಾಫಿ ಕುಡೀರಿ’ ಎಂದು ಲೋಟ ಕೈಗಿತ್ತಳು. ಅವರು ಅರ್ಧ ಕುಡಿದಿರಲಿಲ್ಲ, ದಿಬ್ಬದ ಹಿಂದಿನಿಂದ ಮಳೆ ದಡಬಡ ಬಂದು ಎಲ್ಲರ ಮೇಲೆ ಸುರಿಯಿತು. ಕಣದ ಕಾಫಿ ಒಣಗಿಯೇ ಇತ್ತು, ಕಂಪನಿಯ ಆಡಳಿತ ವರ್ಗ ನೆನೆದಿತ್ತು. ಎಲ್ಲ ಮುಗಿದ ಮೇಲೆ ಕಂಬದ ಮೇಲಿನ ಸೆನ್ಸರು ಮಳೆ ಬರುತ್ತಿದೆ ಎಂದು ಗಟ್ಟಿಯಾಗಿ ಕೂಗಿ ಎಚ್ಚರಿಸಿತು.

ಪಲ್ಪರ್ ಹೌಸಿನೊಳಗೆ ತಲೆ ಒರೆಸಿಕೊಳ್ಳುತ್ತ ಗೌಡರು ಸ್ಮಿತಾಳ ಕಾಗದ ತಿರುವಿದರು. ಅಪರೂಪಕ್ಕೆ ಓದಿದರು.

‘ಪರೀಕ್ಷೆ ಗೆದ್ದಿದ್ದು ಕಪ್ಪೆ ಅಂತ ಇದೆಯಲ್ಲ. ಏನಿದು, ಯಾವ ಕಂಪನಿಯದ್ದು?’

ಸ್ಮಿತಾ ನನ್ನನ್ನು ನೋಡಿದಳು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಏಳು ಚೌಕದ ಕಥೆ, ಹಸಿರಿನ ಕಥೆ, ಎಲ್ಲ ಹೇಳಿದೆ. ‘ಈಗ ಕಪ್ಪೆ ಅಂದ್ರೆ ಗಿರಿಜಕ್ಕ, ಸಾರ್’ ಎಂದೆ.

ಗೌಡರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು. ಕಾಗದಕ್ಕೆ ಲಗತ್ತಿಸಿದ್ದ ಚಾರ್ಟಿನ ಕೆಳಗೆ ತಮ್ಮದೇ ಸಹಿ ಕಂಡು ಮುಚ್ಚಿದರು. ಮಾತಾಡಿದ್ದು ಬಾಗಿಲ ಬಳಿ ನಿಂತಿದ್ದ ಗಿರಿಜಕ್ಕ.

‘ನನ್ನ ಅಳಿಸಿ, ಆ ಜಾಗದಲ್ಲಿ ಕಪ್ಪೆ ಕೂರಿಸಿದ್ರಾ?’

‘ಹೌದು ಗಿರಿಜಕ್ಕ.’

‘ಕಪ್ಪೆಗೆ ಜಾಗ ಇತ್ತು.’

ಅಷ್ಟೇ ಹೇಳಿದಳು. ಕೂಗಲಿಲ್ಲ, ಅಳಲಿಲ್ಲ. ಇಡೀ ಸರ್ವೀಸಿನಲ್ಲಿ ಮೇಲಿನವರಿಂದ ತಿಂದ ಬೈಗುಳವನ್ನೆಲ್ಲ ನಾನು ಮರೆತಿದ್ದೇನೆ, ಆ ಮಾತನ್ನು ಮರೆತಿಲ್ಲ. ಹೇಸಿಕೆಯಾಯಿತು, ನನ್ನ ಬಗ್ಗೆಯೇ.

ಗೌಡರು ಗಂಟಲು ಸರಿಮಾಡಿಕೊಂಡು, ಹುದ್ದೆ ಉಳಿಯುತ್ತದೆ, ಮನೆಯೂ ಉಳಿಯುತ್ತದೆ, ಕಪ್ಪೆ ಅಳಿಸಿ ಕಣದ ಕಾವಲು ಎಂದು ಬರೆಯಿರಿ ಎಂದರು. ‘ಹಂಗಲ್ಲ’ ಎಂದಳು ಗಿರಿಜಕ್ಕ. ‘ಕಾವಲು ಅಂತ ಬರ್ದಿದ್ದನ್ನೇ ಅಲ್ವಾ ಅಳಿಸಿದ್ದು? ನನ್ನ ಹೆಸರು ಬರೀರಿ.’

‘ಅಕ್ಕಾ, ನಿಯಮದ ಪ್ರಕಾರ ಹುದ್ದೆ ಬರೀಬೇಕು, ಮನುಷ್ಯರ ಹೆಸರು ಬರೆಯೋ ಹಾಗಿಲ್ಲ’ ಎಂದಳು ಸ್ಮಿತಾ. ಎಲ್ಲ ಫ್ರೇಮ್‌ವರ್ಕುಗಳೂ ಒಪ್ಪುವ ಒಂದೇ ಮಾತು ಅದು. ಅದು ಸರಿಯಾದ ನಿಯಮವೇ, ನೀವು ಪಾಲಿಸಿ. ನಾನು ಮಾತ್ರ ಅವತ್ತು ಪಾಲಿಸಲಿಲ್ಲ. ಎಂಟನೇ ಚೌಕದಲ್ಲಿ ‘ಗಿರಿಜಕ್ಕ’ ಎಂದು ಬರೆದೆ, ಸ್ಮಿತಾ ಅದನ್ನು ಹಾಗೇ ತನ್ನ ಮಾಡೆಲ್ಲಿಗೆ ಜೋಡಿಸಿದಳು. ಆಮೇಲೆ ತಪಾಸಣೆಗೆ ಬಂದವರೆಲ್ಲ ಅದನ್ನು ದೋಷವೆಂದು ಬರೆದರು. ಬರೆದುಕೊಳ್ಳಲಿ ಎಂದು ಬಿಟ್ಟೆ.

ನಾನು ನಿವೃತ್ತನಾದೆ. ಹೋದ ಕೊಯ್ಲಿಗೆ ಮುಂಚೆ ಗಿರಿಜಕ್ಕನೂ ಕೆಲಸ ಬಿಟ್ಟು ಕಳಸದ ಮಗಳ ಮನೆಗೆ ಹೋದಳು. ಮಾಡೆಲ್ಲಿಗೆ ಜೋಡಿಸಿದ್ದ ಸಿಬ್ಬಂದಿ ಪಟ್ಟಿಯಿಂದ ಅವಳ ಹೆಸರು ತೆಗೆದ ದಿನ ಸ್ಮಿತಾ ಫೋನ್ ಮಾಡಿದಳು. ‘ಸಾರ್, ಮಾಡೆಲ್ಲು ಕೆಂಪಾಗಿಬಿಟ್ಟಿದೆ. ಚಾವಣಿ ಕೆಂಪು, ಕಣದ ಸಾಲು ಕೆಂಪು, ಒಣಗಿಸೋದು ಕೆಂಪು, ನಿಮ್ಮ ಚಾರ್ಟಲ್ಲಿ ಕಂಪನಿಯ ಮೊದಲ ಚೌಕದವರೆಗೂ ಕೆಂಪು. ಗೌಡರು ಎಲ್ಲರಿಗೂ ಫೋನ್ ಮಾಡಿ ಕೂಗಾಡ್ತಾ ಇದಾರೆ.’ ಕೊನೆಗೆ ಕಣದಲ್ಲೇ ಕಾಫಿ ಕೆದಕುತ್ತಿದ್ದ ಒಬ್ಬ ಹೆಂಗಸನ್ನು ಆ ಜಾಗಕ್ಕೆ ಹಾಕಿ, ಮಗಳ ಮನೆಯಿಂದ ಗಿರಿಜಕ್ಕನನ್ನೇ ಕರೆಸಿ, ಗಾಡಿಗಳ ನೆತ್ತಿ ಓದುವುದನ್ನು ಕಲಿಸಿದ ಮೇಲೆ ಹಸಿರಾಯಿತಂತೆ.

ಮೊನ್ನೆ ಮೂಡಿಗೆರೆಗೆ ಹೋಗುವಾಗ ಗಿರಿಜಕ್ಕ ಬಣಕಲ್ಲಿನಲ್ಲಿ ಇಳಿದು ಅಂಗಡಿಗೆ ಬಂದಿದ್ದಳು. ಕುಶಲ ಕೇಳಲಿಲ್ಲ, ಜಗಲಿ ಹತ್ತುತ್ತಲೇ ಕೇಳಿದಳು.

‘ನಾನು ಬಿಟ್ಟದ್ದಕ್ಕೆ ಆಫೀಸಲ್ಲಿ ಎಲ್ಲಾ ಕೆಂಪಾಗಿತ್ತಂತೆ, ಹೌದಾ ಸಾರ್?’

‘ಹೌದು ಗಿರಿಜಕ್ಕ. ಮೇಲಿಂದ ಕೆಳಗಿನವರೆಗೆ.’

‘ಎಷ್ಟು ದಿನ ಇತ್ತು?’

‘ಹದಿನೇಳು ದಿನ.’

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ರಸ್ತೆಯ ಕಡೆ ನೋಡುತ್ತ ಹೇಳಿದಳು:

‘ಗೊತ್ತಿದ್ರೆ ಕಲಿಸ್ಲಿಕ್ಕೆ ಇನ್ನೊಂದು ನಾಲ್ಕು ದಿನ ತಡವಾಗಿ ಹೋಗ್ತಿದ್ದೆ.’